ಹಾರ ಬಾಡಿದ ಮೇಲೆ

ಬೆಂಗಳೂರಿನಲ್ಲಿ ಹುಟ್ಟಿದ ಅನನ್ಯಾ ಪ್ರಸಾದ್ ಒಬ್ಬರೇ ದೋಣಿಗೆ ಹುಟ್ಟು ಹಾಕುತ್ತ, ಲಾ ಗೊಮೆರಾ ದ್ವೀಪದಿಂದ 52 ದಿನಗಳಲ್ಲಿ ಅಟ್ಲಾಂಟಿಕ್ ದಾಟಿ 2025ರಲ್ಲಿ ಆಂಟಿಗುವಾ ಮುಟ್ಟಿದರು. ಹೆಮ್ಮೆಯಾಯಿತು. ಜೊತೆಗೇ, ಮನೆಗೆ ಮರಳಿದ ಮೇಲಿನ ದಿನಗಳು ಹೇಗಿರುತ್ತವೋ ಎನಿಸಿತು. ನಡುಗಡಲಲ್ಲಿ ಗುರಿ ಒಂದೇ, ದಡದಲ್ಲಿ ನೂರೆಂಟು.

ನಾನೇನು ಸಮುದ್ರ ದಾಟಿದವಳಲ್ಲ. ಅತ್ತೆಯವರ ಕಾಯಿಲೆಯಲ್ಲಿ ಮೂರು ತಿಂಗಳು ಆಸ್ಪತ್ರೆಯಲ್ಲಿದ್ದವಳು. ಅಲ್ಲಿ ಒಂದು ತೊಟ್ಟು ಕಣ್ಣೀರು ಹಾಕಲಿಲ್ಲ. ಅವರು ಗುಣವಾಗಿ ಮನೆಗೆ ಬಂದ ವಾರಕ್ಕೆ, ಹಾಲು ಉಕ್ಕಿತೆಂದು ಬಿಕ್ಕಿ ಬಿಕ್ಕಿ ಅಳು ಬಂತು.

“ಎಲ್ಲಾ ಮುಗೀತಲ್ಲ, ಈಗ್ಯಾಕೆ?” ಎಂದರು ನಮ್ಮವರು. ಅತ್ತೆ ಮಾತ್ರ ಮೆಲ್ಲಗೆ ಎದ್ದು ಬಂದು ಒಲೆ ಆರಿಸಿ, “ಸ್ವಲ್ಪ ಕೂತ್ಕೋ” ಎಂದರು.

ಕಷ್ಟ ಸಡಿಲವಾದಾಗಲೇ ದಣಿವು ತಿಳಿಯುವುದು. ಗೆದ್ದು ಬಂದವರಿಗೆ ಹಾರ ಹಾಕುತ್ತೇವೆ. ಹಾರ ಬಾಡಿದ ಮೇಲೂ “ಹೇಗಿದ್ದೀಯಮ್ಮಾ?” ಎಂದು ಕೇಳುವುದು ನಮ್ಮ ಧರ್ಮವಲ್ಲವೇ?