ಇಂದಿನ ಧಮ್ಮ ಚಿಂತನೆ: ಹಾಡು ಬರೆದ ಕೈ, ಚಾಡಿ ಬರೆದ ಕೈ



ಒಳ್ಳೆಯ ಹಾಡು ಬರೆದವನೇ ಕೆಟ್ಟ ಕೆಲಸ ಮಾಡಿದ್ದರೆ, ಆ ಹಾಡನ್ನು ನಾವು ಏನು ಮಾಡಬೇಕು?

ಜೆಕ್ ಲೇಖಕ ಕಾರೆಲ್ ಸಬಿನಾ ಆಸ್ಟ್ರಿಯಾದ ಅರಸೊತ್ತಿಗೆಯನ್ನು ಎದುರಿಸಿ 1849ರಲ್ಲಿ ಸೆರೆಯಾದವನು. ಮರಣದಂಡನೆ ವಿಧಿಸಿ, ಆಮೇಲೆ ಅದನ್ನು 18 ವರ್ಷದ ಸೆರೆವಾಸಕ್ಕೆ ಇಳಿಸಿದರು. 1857ರಲ್ಲಿ ಕ್ಷಮಾದಾನ ಸಿಕ್ಕಿ ಹೊರಬಂದ. ಬರವಣಿಗೆಯನ್ನೇ ನಂಬಿ ಬದುಕುವುದು ಕಷ್ಟವಾಗಿತ್ತು.

ಸಂಗೀತಗಾರ ಸ್ಮೆತಾನಾ ಅವನ ಸಾಹಿತ್ಯಕ್ಕೆ ಸಂಗೀತ ಕಟ್ಟಿದ. ಇಬ್ಬರೂ ಸೇರಿ ಮಾಡಿದ ಎರಡು ಗೀತನಾಟಕಗಳು 1866ರಲ್ಲಿ ಪ್ರಾಗ್ ನಗರದಲ್ಲಿ ರಂಗಕ್ಕೆ ಬಂದವು. ಎರಡನೆಯದು 'ಮಾರಿದ ಮದುಮಗಳು'. ಅದರಲ್ಲಿ ಹಳ್ಳಿಯ ಹುಡುಗನೊಬ್ಬ ಹಣಕ್ಕೆ ತನ್ನ ಪ್ರೇಯಸಿಯನ್ನು ಬಿಟ್ಟುಕೊಡುವುದಾಗಿ ಪತ್ರಕ್ಕೆ ರುಜು ಹಾಕುತ್ತಾನೆ. ಊರೆಲ್ಲ ಛೀ ಎನ್ನುತ್ತದೆ. ಕೊನೆಗೆ ಅದು ದ್ರೋಹವಲ್ಲ, ಅವಳನ್ನೇ ಮದುವೆಯಾಗಲು ಹೂಡಿದ ಉಪಾಯ ಎಂದು ತಿಳಿಯುತ್ತದೆ.

ಸಬಿನಾನ ಬದುಕಿನಲ್ಲಿ ಮಾತ್ರ ಮಾರಾಟ ನಿಜವೇ ಆಗಿತ್ತು. ಪೊಲೀಸರಿಂದ ಹಣ ಪಡೆದು ಸಂಗಾತಿಗಳ ವಿಷಯವನ್ನು ಗುಟ್ಟಾಗಿ ಬರೆದು ಕೊಡುತ್ತಿದ್ದ. 1872ರಲ್ಲಿ ಅದು ಬಯಲಾಯಿತು. 1877ರಲ್ಲಿ ಜನರ ತಿರಸ್ಕಾರದ ನಡುವೆಯೇ ಸತ್ತ. ಹಾಡು ಇಂದಿಗೂ ಉಳಿದಿದೆ.

ಭಗವಾನ್ ಬುದ್ಧರು ಬಿಡಬೇಕೆಂದ ನಾಲ್ಕು ಬಗೆಯ ಮಾತುಗಳಲ್ಲಿ ಒಂದು 'ಪಿಸುಣಾವಾಚಾ', ಇಲ್ಲಿ ಕೇಳಿದ್ದನ್ನು ಅಲ್ಲಿ ಹೇಳಿ ಒಡೆಯುವ ಮಾತು. ನಮ್ಮ ಹಳಗನ್ನಡದಲ್ಲೂ ಚಾಡಿಕೋರನನ್ನು 'ಪಿಸುಣ' ಎಂದೇ ಕರೆದಿದ್ದಾರೆ.

ಹಾಗಾದರೆ ಹಾಡನ್ನೂ ಎಸೆಯೋಣವೇ? ಒಬ್ಬ ಮುಟ್ಟಿದ್ದಕ್ಕೇ ವಸ್ತು ಕೆಡುತ್ತದೆ ಎಂಬುದು ಮೈಲಿಗೆಯ ತರ್ಕ. ಆ ತರ್ಕದಿಂದ ನೀರನ್ನೂ ಅಕ್ಷರವನ್ನೂ ಕಳೆದುಕೊಂಡವರು ನಾವು. ಅದನ್ನು ಬೇರೆಯವರ ಮೇಲೆ ಹೂಡುವುದು ನಮಗೆ ಸಲ್ಲದು. ಹಾಗೆಂದು, ಹಾಡು ಚೆನ್ನಾಗಿದೆ ಎಂದು ದ್ರೋಹವನ್ನು ಮನ್ನಿಸುವುದೂ ತಪ್ಪೇ. ಪ್ರತಿಭೆ ಶೀಲಕ್ಕೆ ಬದಲಿಯಲ್ಲ. ಹಾಡು ಕೇಳುವವರದು, ಕರ್ಮ ಮಾಡಿದವನದು.

ಬಡತನ ಅವನ ನಡೆಗೆ ಒಂದು ಕಾರಣ ಇರಬಹುದು, ಸಮರ್ಥನೆ ಅಲ್ಲ. ಆದರೆ ಕಾರಣವನ್ನು ಅರಿಯುವುದೂ ಧಮ್ಮವೇ. 1956ರಲ್ಲಿ ಆಗ್ರಾದಲ್ಲಿ ಬಾಬಾಸಾಹೇಬರು, ಓದಿದವರೇ ನನ್ನ ಕೈಬಿಟ್ಟರೆಂದು ನೊಂದು ನುಡಿದರು. ಆ ಮಾತು ಓದಿ ಸಂಬಳ ತರುವ ನನ್ನಂಥ ಮೇಷ್ಟ್ರಿಗೂ ತಾಗುತ್ತದೆ. ಜೊತೆಗೆ ಇನ್ನೊಂದು ಪ್ರಶ್ನೆ: ಜೈಲಿನಿಂದ ಬಂದ ಹೋರಾಟಗಾರನ ಮನೆಯಲ್ಲಿ ಒಲೆ ಉರಿಯುತ್ತಿದೆಯೇ ಎಂದು ಸಂಘ ವಿಚಾರಿಸಿದೆಯೇ?

ಇಂದು ಎರಡು ಕೆಲಸ ಮಾಡೋಣ. ಸಂಗಾತಿಯ ಬಗ್ಗೆ ಅವರೆದುರು ಹೇಳಲಾಗದ್ದನ್ನು ಹಿಂದೆ ಹೇಳದಿರೋಣ. ಕಷ್ಟದಲ್ಲಿರುವ ಒಬ್ಬ ಕಾರ್ಯಕರ್ತರಿಗೆ ಫೋನ್ ಮಾಡೋಣ.

ಭವತು ಸಬ್ಬ ಮಂಗಲಂ 🌷