ಕಡಲ ಬಣ್ಣವೂ ಅನುಮಾನಪ್ರಮಾಣವೂ

ಕಡಲಿನ ಮೇಲ್ಪದರದಲ್ಲಿ ಸೂರ್ಯನ ಬೆಳಕನ್ನುಂಡು ಬಾಳುವ, ಭೂಮಂಡಲದ ಸಮಸ್ತ ದ್ಯುತಿಸಂಶ್ಲೇಷಣೆಯಲ್ಲಿ ಹೆಚ್ಚುಕಡಿಮೆ ಅರ್ಧಪಾಲನ್ನು ನಡೆಸುವ, ಆದರೂ ಒಂದೊಂದಾಗಿ ನೋಡಹೋದರೆ ಬರಿಗಣ್ಣಿಗೆ ಸಿಕ್ಕದ ಸಸ್ಯಪ್ಲವಕಗಳನ್ನು ನೂರಾರು ಕಿಲೋಮೀಟರುಗಳ ಎತ್ತರದಲ್ಲಿ ಸುತ್ತುವ ಉಪಗ್ರಹವೊಂದು ಅಳೆಯುತ್ತದೆಂದರೆ, ಅದು ಕಂಡು ಹೇಳುತ್ತಿದೆಯೊ ಊಹಿಸಿ ಹೇಳುತ್ತಿದೆಯೊ ಎಂದು ಕೇಳುವ ಅಧಿಕಾರ ನಮ್ಮ ನೈಯಾಯಿಕನಿಗೆ ಉಂಟು. ಅಮೆರಿಕದ ನಿಂಬಸ್-7 ಈ ಕಾರ್ಯವನ್ನು 1978ರಲ್ಲಿ ಆರಂಭಿಸಿತು. 1999ರ ಮೇ ತಿಂಗಳಿನಲ್ಲಿ ಶ್ರೀಹರಿಕೋಟೆಯಿಂದ ಏರಿದ ನಮ್ಮ ಓಷನ್‌ಸ್ಯಾಟ್-1 ಎಂಟು ವರ್ಣಪಟ್ಟಿಗಳಲ್ಲಿ ಅದನ್ನು ಮುಂದುವರಿಸಿತು. ಇವುಗಳ ಕಣ್ಣಿಗೆ ಬಿದ್ದುದು ನೀರಿನ ಬಣ್ಣವೇ ಹೊರತು ಜೀವಿಯಲ್ಲವೆಂಬುದರಲ್ಲಿ ವಿವಾದವಿಲ್ಲ.

ಪತ್ರಹರಿತ್ತು ನೀಲಿಯನ್ನು ಹೀರಿಕೊಂಡು ಹಸಿರನ್ನು ಬಹುಮಟ್ಟಿಗೆ ಬಿಟ್ಟುಕೊಡುವುದರಿಂದ, ಹಸಿರಿನೊಡನೆ ಹೋಲಿಸಿದಾಗ ನೀಲಿ ಎಲ್ಲಿ ತಗ್ಗಿದೆಯೋ ಅಲ್ಲಿ ಪ್ಲವಕಗಳು ಹೆಚ್ಚೆಂದು ತಿಳಿಯುವುದು ಪರ್ವತದ ಮೇಲಣ ಧೂಮದಿಂದ ಅಗ್ನಿಯನ್ನು ತಿಳಿಯುವ ಕ್ರಮವೇ ಆಗಿದೆ. ಪರ್ವತದ ಸ್ಥಾನದಲ್ಲಿ ಸಮುದ್ರವು ಪಕ್ಷ, ಎಂದರೆ ಅನುಮಾನದ ನೆಲೆ, ಆಗಿದೆ, ಅಷ್ಟೆ. ವ್ಯಾಪ್ತಿಯನ್ನು, ಎಂದರೆ ಬಣ್ಣಕ್ಕೂ ಪ್ಲವಕಕ್ಕೂ ಇರುವ ತಪ್ಪದ ನಂಟನ್ನು, ಒದಗಿಸಿದವರು ಹಡಗಿನವರು: ನೀರನ್ನು ಮೊಗೆದು, ಸೋಸಿ, ಉಳಿದ ವರ್ಣದ್ರವ್ಯವನ್ನು ಅಸಿಟೋನಿನಲ್ಲಿ ಕರಗಿಸಿ ಅಳೆದು, ಅದೇ ಸ್ಥಳದ ಬಣ್ಣದೊಡನೆ ಸಾವಿರಾರು ಬಾರಿ ತಾಳೆ ನೋಡಿದವರು. ಮತ್ತೊಂದು ತೊಡಕೆಂದರೆ, ಉಪಗ್ರಹವನ್ನು ಮುಟ್ಟುವ ಬೆಳಕಿನಲ್ಲಿ ನೂರಕ್ಕೆ ಸುಮಾರು 90 ಪಾಲು ವಾಯುಮಂಡಲವೇ ಚದರಿಸಿದುದು. ಅದನ್ನು ಗಣಿತದಿಂದ ಕಳೆದ ಮೇಲೆ ಉಳಿಯುವ ಅಲ್ಪಾಂಶವೇ ಹೇತು. ಉಪನಿಷತ್ತಿನ 'ನೇತಿ ನೇತಿ'ಯನ್ನು ಇಲ್ಲಿಗೆ ಎಳೆದುತರಲು ಆತುರಪಡುವವರೂ ಇದ್ದಾರು. ನನಗದು ಒಪ್ಪದು. ಅಲ್ಲಿ ಉಳಿಯುವುದು ವಾಕ್ಕಿಗೆ ಎಟುಕದ್ದು. ಇಲ್ಲಿ ಉಳಿಯುವುದು ಒಂದು ಅಂಕಿ, ಅದೂ ತಪ್ಪಾಗಬಲ್ಲ ಅಂಕಿ.

ಹೊಗೆಯಿಂದ ಬೆಂಕಿಯನ್ನು ಊಹಿಸಬಹುದಾದರೂ ಬೆಂಕಿಯಿಂದ ಹೊಗೆಯನ್ನು ಊಹಿಸಲಾಗದು, ಏಕೆಂದರೆ ಅದಕ್ಕೆ ಹಸಿಸೌದೆಯೆಂಬ ಉಪಾಧಿ ಬೇಕೆಂದು ನೈಯಾಯಿಕರು ತೋರಿಸಿಕೊಟ್ಟರಷ್ಟೆ. ನಡುಗಡಲಿನಲ್ಲಿ ನೀರಿನ ಬಣ್ಣವನ್ನು ಮಾರ್ಪಡಿಸುವುದು ಬಹುತೇಕ ಪ್ಲವಕಗಳೂ ಅವುಗಳಿಂದ ಹುಟ್ಟಿದ ದ್ರವ್ಯಗಳೂ ಆದುದರಿಂದ ವ್ಯಾಪ್ತಿ ನಿಲ್ಲುತ್ತದೆ. ಗಂಗೆಯ ಮುಖದಂಥ ತಾಣಗಳಲ್ಲಿಯಾದರೋ ಹೂಳೂ ಕೊಳೆತ ಸಸ್ಯಗಳ ಕಂದುರಸವೂ ಬೆರೆತು, ಅದೇ ಸೂತ್ರವು ಇಲ್ಲದ ಸಮೃದ್ಧಿಯನ್ನು ಸಾರಿಬಿಡುತ್ತದೆ. ಹೇತು ಸೋಪಾಧಿಕವಾಯಿತು. ಹಾಗೆಂದು ಚಾರ್ವಾಕನಂತೆ ಅನುಮಾನವನ್ನೇ ತೊರೆದರೆ, ಹೈದರಾಬಾದಿನ ಸಾಗರಮಾಹಿತಿ ಕೇಂದ್ರದಿಂದ ಮೀನುಗಾರನಿಗೆ ಬರುವ ಮೀನುತಾಣದ ಸೂಚನೆಯೂ ಅದರೊಡನೆ ಹೋದೀತು. ವಿಜ್ಞಾನಿಗಳು ಉಪಾಧಿಯನ್ನು ಗುರುತಿಸಿ ತೀರದ ನೀರಿಗೆ ಬೇರೆ ಸೂತ್ರಗಳನ್ನು ರಚಿಸಿಕೊಂಡರು.

ನೈರುತ್ಯ ಮಾರುತವು ಬೀಸಿ, ಒಮಾನ್ ಸೋಮಾಲಿಯಾ ತೀರಗಳಲ್ಲಿಯೂ ನಮ್ಮ ಪಡುಗಡಲಿನಲ್ಲಿಯೂ ಆಳದ ತಣ್ಣೀರು ಪೋಷಕ ಲವಣಗಳನ್ನು ಹೊತ್ತು ಮೇಲೇರಿ, ಪ್ಲವಕಗಳು ಹುಲುಸಾಗುವ ಕಾಲದಲ್ಲಿಯೇ ಮೋಡವೂ ಕವಿದು ಉಪಗ್ರಹದ ಕಣ್ಣಿಗೆ ಕಡಲನ್ನು ಮರೆಮಾಡುತ್ತದೆ. ಅನುಪಲಬ್ಧಿಯಿಂದ ಅಭಾವವನ್ನು ತಿಳಿಯಬಹುದೆಂದ ಭಾಟ್ಟ ಮೀಮಾಂಸಕರೂ, ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತುವಿಗೆ ಮಾತ್ರ ಆ ನ್ಯಾಯ ಸಲ್ಲುವುದೆಂದು ಕಟ್ಟುಮಾಡಿದರು. ಮೋಡದ ಕೆಳಗಣ ಕಡಲು ಅಂಥದಲ್ಲ. ಆದುದರಿಂದಲೇ ನಕ್ಷೆ ರಚಿಸುವವರು ಮೋಡ ಮುಚ್ಚಿದ ಚೌಕದಲ್ಲಿ ಸೊನ್ನೆಯನ್ನು ಬರೆಯದೆ ಖಾಲಿ ಬಿಡುತ್ತಾರೆ, ತಿಂಗಳ ಸರಾಸರಿಯನ್ನು ತೆಗೆಯುವಾಗಲೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.