ಕಿಟಕಿ ಸೀಟಿನ ಅರಿಸ್ಟಾಟಲ್

‘ಪ್ರಯಾಣವೇ ಗುರಿ’ ಎಂಬ ಮಾತು ಈಗ ಕ್ಯಾಲೆಂಡರಿನಲ್ಲಿದೆ, ಕಾಫಿ ಲೋಟದ ಮೇಲಿದೆ, ವ್ಯಕ್ತಿತ್ವ ವಿಕಸನದ ಭಾಷಣಗಳಲ್ಲಂತೂ ತಪ್ಪುವುದೇ ಇಲ್ಲ. ಕೆಲಸ ಕೈಗೂಡದವರನ್ನು ಸಂತೈಸಲು, ಸಂಬಳ ಏರದವರನ್ನು ಸುಮ್ಮನಿರಿಸಲು ಅದನ್ನು ಬಳಸುತ್ತಾರೆ. ಇದು ಬೇಸರದ ಸಂಗತಿ. ಏಕೆಂದರೆ ಆ ಮಾತಿನ ಆಸುಪಾಸಿನಲ್ಲಿ ಗಟ್ಟಿಯಾದ ವಿಚಾರವೊಂದಿದೆ, ಅದು ಪ್ರಯಾಣವನ್ನು ಗುರಿ ಎಂದು ಕರೆಯುವುದೇ ಇಲ್ಲ.

ಅರಿಸ್ಟಾಟಲ್ ಮನುಷ್ಯ ಮಾಡುವುದನ್ನೆಲ್ಲ ಎರಡು ಬಗೆಯಾಗಿ ಕಂಡ. ಮನೆ ಕಟ್ಟುವುದು ಒಂದು ಬಗೆ. ಕಟ್ಟುತ್ತಿರುವಷ್ಟು ಕಾಲ ಮನೆ ಆಗಿಲ್ಲ. ಆಯಿತೆಂದರೆ ಕಟ್ಟುವುದು ನಿಂತಿತು. ನೋಡುವುದು ಇನ್ನೊಂದು ಬಗೆ. ನೋಡುತ್ತಿರುವವನು ಆಗಲೇ ನೋಡಿದವನೂ ಹೌದು. ಆ ನೋಟಕ್ಕೆ ಮುಂದಿನ ಗಳಿಗೆಯ ಹಂಗಿಲ್ಲ. ಮೊದಲನೆಯದು ಚಲನೆ, ಎರಡನೆಯದು ತನ್ನಲ್ಲೇ ಪೂರ್ಣವಾದ ಕ್ರಿಯೆ. ಸುಖ ಎರಡನೆಯದರ ಜೊತೆಗಿರುವಂಥದ್ದು ಎಂದು ಅವನ ‘ನಿಕೊಮೇಕಿಯನ್ ಎಥಿಕ್ಸ್’ನ ಹತ್ತನೆಯ ಭಾಗ ವಾದಿಸುತ್ತದೆ. ಬೇಗ ನಡೆಯಬಹುದು, ಬೇಗ ಖುಷಿಗೆ ಬರಲೂಬಹುದು. ಖುಷಿಯಾಗಿರುವುದನ್ನು ಮಾತ್ರ ಬೇಗಬೇಗ ಮುಗಿಸಲಾಗದು.

ಊರಿಂದೂರಿಗೆ ರೈಲಿನಲ್ಲಿ ಹೋಗುವುದು ಯಾವ ಬಗೆ?

ಹೋಗುವುದು ಚಲನೆಯೇ. ಬೆಂಗಳೂರಿನಲ್ಲಿ ಹತ್ತಿದವರು ಮಂಗಳೂರು ಮುಟ್ಟದಿದ್ದರೆ ಪ್ರಯಾಣ ಕೆಟ್ಟಂತೆ. ಆದರೆ ಹಗಲು ರೈಲು ಸಕಲೇಶಪುರ ದಾಟಿ ಘಾಟಿಗೆ ಇಳಿದ ಮೇಲೆ ಅದೇ ಸೀಟಿನಲ್ಲಿ ಇನ್ನೊಂದೂ ನಡೆಯುತ್ತದೆ. ಸುಬ್ರಹ್ಮಣ್ಯ ರೋಡಿನವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ. ಐವತ್ತು ಮೀಟರಿಗೆ ಒಂದು ಮೀಟರಿನಷ್ಟು ಇಳಿಜಾರಾದ್ದರಿಂದ ರೈಲು ಜೋರಾಗಿ ಓಡುವಂತಿಲ್ಲ. ಕತ್ತಲೆ, ಮಕ್ಕಳ ಕೇಕೆ, ಥಟ್ಟನೆ ಬೆಳಕು, ಸೇತುವೆಯ ಕೆಳಗೆ ಕಮರಿ, ಮತ್ತೆ ಕತ್ತಲೆ. ಎಡಕುಮೇರಿ ನಿಲ್ದಾಣ ಕಳೆದರೂ ಕಿಟಕಿಗೆ ಆನಿಸಿದ ಮುಖಗಳು ಕದಲುವುದಿಲ್ಲ. ಹತ್ತನೆಯ ಸುರಂಗದ ಬಾಯಲ್ಲಿ ಕಂಡ ಹಸಿರು ಪೂರ್ಣವಾಗಲು ಐವತ್ತೇಳನೆಯದನ್ನು ಕಾಯಬೇಕಿಲ್ಲ. ಸಾಗುವುದು ಮಂಗಳೂರಿಗಾಗಿ, ನೋಡುವುದು ನೋಡುವುದಕ್ಕಾಗಿ. ಒಟ್ಟೊಟ್ಟಿಗೇ ನಡೆಯುವ ಈ ಎರಡನ್ನು ಕಾಫಿ ಲೋಟದ ಮಾತು ಕಲಸಿಬಿಡುತ್ತದೆ. ಶಿರಾಡಿ ಘಾಟಿಯ ರಸ್ತೆಯಲ್ಲಿ ಕಾರು ಓಡಿಸುವವರೂ ನೋಡುತ್ತಾರೆ, ನಿಜ; ಅವರ ನೋಟ ಮುಂದಿನ ತಿರುವಿಗೆ ಕಟ್ಟುಬಿದ್ದಿದೆ. ರೈಲು ಆ ಕಟ್ಟನ್ನು ಬಿಚ್ಚುತ್ತದೆ.

ಇಲ್ಲಿ ಇಂಗ್ಲಿಷ್ ಚಿಂತಕ ಜೆರೆಮಿ ಬೆಂಥಮ್ ಅಡ್ಡ ಬರುತ್ತಾನೆ. 1789ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಅವನು ಸುಖವನ್ನು ತೀವ್ರತೆ, ಅವಧಿ, ಖಚಿತತೆ ಮುಂತಾದ ಅಳತೆಗಳಿಗೆ ಒಡ್ಡಿದ. ಅವನ ಲೆಕ್ಕದ ವಾರಸುದಾರರು ಇಂದು ಸಾರಿಗೆ ಯೋಜನೆಗಳನ್ನು ತೂಗುವಾಗ ಉಳಿತಾಯವಾದ ಸಮಯವನ್ನು ಹಣವಾಗಿಸಿ ಲಾಭಕ್ಕೆ ಬರೆಯುತ್ತಾರೆ. ಘಾಟಿಯ ನಿಧಾನವೆಲ್ಲ ಆಗ ಬರೀ ನಷ್ಟ. ಕಿಟಕಿಯ ಸುಖವನ್ನೂ ಜಮೆ ಮಾಡಿಕೊಳ್ಳೋಣ ಎಂದು ಬೆಂಥಮ್‌ವಾದಿ ಹೇಳಬಹುದು. ಆದರೂ ತೊಡಕು ಬಿಡದು. ಅವನ ಪಾಲಿಗೆ ಸುಖ ಕ್ರಿಯೆಯಿಂದ ಹೊರಬೀಳುವ ಸರಕು. ನೋಟವನ್ನು ಬಿಟ್ಟು ನೋಟದ ಸುಖವನ್ನಷ್ಟೇ ತೂಗಹೊರಟರೆ ತಕ್ಕಡಿಯಲ್ಲಿ ಏನೂ ಇರುವುದಿಲ್ಲ.

‘ನಿಕೊಮೇಕಿಯನ್ ಎಥಿಕ್ಸ್’ನ ಏಳನೆಯ ಭಾಗದಲ್ಲಿ ಅರಿಸ್ಟಾಟಲ್ ಸುಖವನ್ನು ಅಡ್ಡಿಯಿಲ್ಲದ ಕ್ರಿಯೆ ಎನ್ನುತ್ತಾನೆ. ಈ ‘ಅಡ್ಡಿಯಿಲ್ಲದ’ ಎಂಬುದನ್ನು ಮರೆಯುವಂತಿಲ್ಲ. 2021ರಲ್ಲಿ ಘಾಟಿಯ ಈ ರೈಲು ಮಾರ್ಗಕ್ಕೆ ಅಗಲ ಕಿಟಕಿಯ, ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಗಳು ಬಂದವು, ಸಂತೋಷವೇ. ಕಿಕ್ಕಿರಿದ ಜನರಲ್ ಬೋಗಿಯಲ್ಲಿ ನಿಂತವರ ಪಕ್ಕದಲ್ಲೂ ಅದೇ ಕಣಿವೆ ಹಾದುಹೋಗುತ್ತದೆ, ಅವರಿಗೆ ಕಾಣುವುದು ಮುಂದಿನವರ ಬೆನ್ನು. ಜನರಲ್ ಬೋಗಿ ಹೆಚ್ಚಿಸಿ ಎಂದು ಪ್ರಯಾಣಿಕರು ಕೇಳಿದಾಗ ಅದನ್ನು ಕೂರುವ ಜಾಗದ ಬೇಡಿಕೆ ಎಂದಷ್ಟೇ ತಿಳಿದರೆ ಸಾಲದು. ಕೂತವರಿಗೆ ಕಿಟಕಿಯತ್ತ ತಿರುಗುವ ಬಿಡುವೂ ಸಿಗುತ್ತದೆ.